ಬ್ಯಾಕ್ಟೀರಿಯಾದ ಸಾಲದ ಪುಸ್ತಕ (8 ಭಾಗಗಳ ಸರಣಿ)

ಭಾಗ 1/8: "ರಕ್ತದಲ್ಲೇ ಇಲ್ಲ ಕಣೋ"

ಹೋದ ತಿಂಗಳು ರಿಸಲ್ಟ್ ಬಂತು. ನನ್ನ ಕ್ಲಾಸ್‌ಮೇಟ್ ಒಬ್ಬ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಎರಡನೇ ಸಲ ಫೇಲ್. ಕ್ಯಾಂಟೀನಲ್ಲಿ ಟೀ ಆರಿಹೋಗೋವರೆಗೂ ಸುಮ್ಮನೆ ಕೂತಿದ್ದು ಆಮೇಲೆ ಹೇಳಿದ: "ನಮ್ಮಪ್ಪಂಗೂ ಲೆಕ್ಕ ಬರಲ್ಲ, ತಾತಂಗೂ ಬರ್ತಿರಲಿಲ್ಲ. ನಮ್ಮ ರಕ್ತದಲ್ಲೇ ಇಲ್ಲ ಕಣೋ. ಕಾಲೇಜು ಬಿಟ್ಟುಬಿಡ್ತೀನಿ."

ನನಗೆ ಆಗ ಉತ್ತರ ಹೊಳೀಲಿಲ್ಲ.

ನಮ್ಮದು ಕಿರಾಣಿ ಅಂಗಡಿ. ತಾತ ಇಟ್ಟಿದ್ದು, ಈಗ ಅಪ್ಪ ನೋಡ್ಕೋತಾರೆ. "ವ್ಯಾಪಾರ ನಿಮ್ಮ ರಕ್ತದಲ್ಲೇ ಇದೆ ಬಿಡಪ್ಪ" ಅಂತ ನೆಂಟರು ನನಗೂ ಹೇಳ್ತಾನೇ ಇರ್ತಾರೆ. ಆದ್ರೆ ತಾತ ತೀರಿಕೊಂಡ ಮೇಲೆ ಅಪ್ಪನ ಕೈ ಹಿಡಿದದ್ದು ರಕ್ತ ಅಲ್ಲ, ಗಲ್ಲಾಪೆಟ್ಟಿಗೆ ಪಕ್ಕ ಇದ್ದ ಸಾಲದ ಪುಸ್ತಕ. ಯಾರು ತಿಂಗಳು ತಿಂಗಳು ತೀರಿಸ್ತಾರೆ, ಯಾರು ಕೈ ಎತ್ತುತ್ತಾರೆ, ಎಲ್ಲ ಅದರಲ್ಲಿತ್ತು. ತಾತ ಮೋಸ ಹೋಗಿ ಕಲಿತದ್ದನ್ನ ಅಪ್ಪ ಮೋಸ ಹೋಗದೇ ಕಲಿತರು, ಯಾಕಂದ್ರೆ ಪುಸ್ತಕ ಇತ್ತು.

ಹಾಗಾದ್ರೆ ಪ್ರಶ್ನೆ ಇದು. ಒಂದು ಜೀವಿ ತನ್ನ ಬದುಕಲ್ಲಿ ಗಳಿಸಿದ್ದು ಅದರ ಮಕ್ಕಳಿಗೆ ಹುಟ್ಟಿನಿಂದಲೇ ಬರುತ್ತಾ? ವಿಜ್ಞಾನಿಗಳು 200 ವರ್ಷ ಇದಕ್ಕಾಗಿ ಜಗಳ ಆಡಿದ್ದಾರೆ. ಒಬ್ಬ ದೊಡ್ಡ ವಿಜ್ಞಾನಿ ಇದೇ ಜಗಳದಲ್ಲಿ ಜೈಲು ಸೇರಿ ಸತ್ತ. ಕೊನೆಗೆ "ಇಲ್ಲ, ಬರಲ್ಲ" ಅಂತ ಎಲ್ಲರೂ ಒಪ್ಪಿ ಪುಸ್ತಕ ಮುಚ್ಚಿದ ಮೇಲೆ, ಸಾಲದ ಪುಸ್ತಕವನ್ನ ತನ್ನ ಡಿಎನ್‌ಎ ಒಳಗೇ ಬರೆದಿಟ್ಟುಕೊಳ್ಳೋ ಒಂದು ಜೀವಿ ಸಿಕ್ಕಿಬಿಡ್ತು. ನೀವು ಮೊಸರನ್ನ ತಿನ್ನೋರಾದ್ರೆ ಅದನ್ನ ತಿಂದಿರೋ ಸಾಧ್ಯತೆಯೂ ಇದೆ.

ನಾನು ಬಿಕಾಂ. ಬಯಾಲಜಿ ಹತ್ತನೇ ಕ್ಲಾಸಿಗೇ ಬಿಟ್ಟವನು. ನನಗೆ ಅರ್ಥ ಆದ ರೀತಿಯಲ್ಲೇ ಬರೀತೀನಿ, ಹಾಗಾಗಿ ನಿಮಗೂ ಖಂಡಿತ ಆಗುತ್ತೆ. ದಿನಕ್ಕೊಂದು ಭಾಗ. ಸೇವ್ ಮಾಡಿಟ್ಟುಕೊಳ್ಳಿ.

ಭಾಗ 2/8: ಜಿರಾಫೆಯ ಕತ್ತು, ಇಲಿಯ ಬಾಲ

1809. ಫ್ರಾನ್ಸಿನ ಲಾಮಾರ್ಕ್ ಒಂದು ಪುಸ್ತಕ ಬರೆದ. ಜೀವಿಗಳು ಕಾಲ ಕಳೆದಂತೆ ಬದಲಾಗ್ತವೆ ಅಂತ ಧೈರ್ಯವಾಗಿ ಹೇಳಿದ ಮೊದಲಿಗರಲ್ಲಿ ಅವನೊಬ್ಬ. ಹೇಗೆ ಬದಲಾಗ್ತವೆ? ಎತ್ತರದ ಎಲೆಗೆ ಕತ್ತು ಚಾಚಿ ಚಾಚಿ ಜಿರಾಫೆಯ ಕತ್ತು ಉದ್ದ ಆಯ್ತು, ಆ ಉದ್ದ ಮರಿಗೂ ಬಂತು ಅಂದ. ಉಪಯೋಗಿಸಿದ ಅಂಗ ಬೆಳೆಯುತ್ತೆ, ಬಳಸದೇ ಇರೋದು ಕುಗ್ಗುತ್ತೆ, ಎರಡೂ ಸಂತತಿಗೆ ಹೋಗುತ್ತೆ.

ಇವತ್ತು ಶಾಲೆಗಳಲ್ಲಿ ಲಾಮಾರ್ಕ್ ಅಂದ್ರೆ ತಪ್ಪು ಹೇಳಿದವನು, ಡಾರ್ವಿನ್ ಅಂದ್ರೆ ಸರಿ ಹೇಳಿದವನು. ಆದ್ರೆ ಒಂದು ವಿಷಯ ಗೊತ್ತಾ? ಗಳಿಸಿದ ಗುಣ ಮಕ್ಕಳಿಗೆ ಬರುತ್ತೆ ಅಂತ ಡಾರ್ವಿನ್ ಕೂಡ ನಂಬಿದ್ದ. ದೇಹದ ಪ್ರತಿ ಭಾಗದಿಂದಲೂ ಸಣ್ಣ ಕಣಗಳು ಹೊರಟು ಸಂತಾನಕ್ಕೆ ಸೇರ್ತವೆ ಅಂತ 1868ರಲ್ಲಿ ಬರೆದ. ಇಬ್ಬರ ನಡುವಿನ ನಿಜವಾದ ವ್ಯತ್ಯಾಸ ಬೇರೆ. ಡಾರ್ವಿನ್ ಪ್ರಕಾರ ಮೊದಲೇ ನಾನಾ ಥರದವರು ಇರ್ತಾರೆ, ಪರಿಸರ ಅವರಲ್ಲಿ ಕೆಲವರನ್ನ ಉಳಿಸುತ್ತೆ. ಲಾಮಾರ್ಕ್ ಪ್ರಕಾರ ಪರಿಸರಕ್ಕೆ ತಕ್ಕ ಬದಲಾವಣೆ ಆಮೇಲೆ ಹುಟ್ಟುತ್ತೆ.

ಇದನ್ನ ಪರೀಕ್ಷೆಗೆ ಹಚ್ಚಿದವನು ಜರ್ಮನಿಯ ಆಗಸ್ಟ್ ವೈಸ್‌ಮನ್. 1880ರ ದಶಕದ ಕೊನೆಯಲ್ಲಿ ತಲೆಮಾರಿನ ಮೇಲೆ ತಲೆಮಾರು ಇಲಿಗಳ ಬಾಲ ಕತ್ತರಿಸಿದ. ಬಾಲ ಇಲ್ಲದ ತಂದೆತಾಯಿಗಳಿಗೆ ಐದು ತಲೆಮಾರಲ್ಲಿ 901 ಮರಿ ಹುಟ್ಟಿದವು. ಅಷ್ಟಕ್ಕೂ ಬಾಲ ಇತ್ತು!

ಇಲಿ ಯಾಕೆ, ನಮ್ಮ ಮನೆಗಳನ್ನೇ ನೋಡಿ. ಎಷ್ಟು ತಲೆಮಾರಿಂದ ಕಿವಿ ಚುಚ್ಚಿಸ್ತಾ ಬಂದಿದ್ದೀವಿ, ಯಾವ ಮಗುವೂ ತೂತಿನ ಕಿವಿ ಹೊತ್ತು ಹುಟ್ಟಲಿಲ್ಲ.

ಲಾಮಾರ್ಕ್ ಪರ ಒಂದು ಮಾತು ಹೇಳಲೇಬೇಕು. ಅವನು ಹೇಳಿದ್ದು ಅಂಗವನ್ನ ಬಳಸೋದರ ಬಗ್ಗೆ, ಕತ್ತರಿಸೋದರ ಬಗ್ಗೆ ಅಲ್ಲ. ಆದ್ರೆ ವೈಸ್‌ಮನ್ ಕೊಟ್ಟ ದೊಡ್ಡ ವಿಚಾರ ಇಲಿ ಪ್ರಯೋಗಕ್ಕಿಂತ ಮುಖ್ಯ: ದೇಹದ ಕೋಶಗಳೇ ಬೇರೆ, ಸಂತಾನದ ಕೋಶಗಳೇ ಬೇರೆ, ನಡುವೆ ಗೋಡೆ ಇದೆ. ಜಿಮ್‌ನಲ್ಲಿ ತೋಳು ಬೆಳೆಸಿದರೆ ಆ ಸುದ್ದಿ ವೀರ್ಯ, ಅಂಡಾಣುವಿನವರೆಗೂ ಹೋಗಲ್ಲ.

ಈ "ಗೋಡೆ" ಅನ್ನೋ ಪದ ನೆನಪಿಟ್ಟುಕೊಳ್ಳಿ. ಕೊನೇ ಭಾಗದಲ್ಲಿ ಬೇಕಾಗುತ್ತೆ.

ಭಾಗ 3/8: ಜೂಜಿನ ಯಂತ್ರ ಮತ್ತು ನಮ್ಮ ಸಿಲಬಸ್

ಕಾಮರ್ಸ್‌ನವರೇ, ಈ ಭಾಗ ನಮ್ಮದು.

ಬ್ಯಾಕ್ಟೀರಿಯಾಕ್ಕೂ ವೈರಸ್ ಕಾಯಿಲೆ ಬರುತ್ತೆ. ಅವನ್ನ ತಿನ್ನೋ ವೈರಸ್‌ಗೆ ಫೇಜ್ ಅಂತ ಹೆಸರು. ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಮೇಲೆ ಫೇಜ್ ಸುರಿದರೆ ಹೆಚ್ಚುಕಮ್ಮಿ ಎಲ್ಲ ಸಾಯ್ತವೆ, ಕೆಲವು ಬದುಕ್ತವೆ. ಬದುಕಿದವುಗಳ ಸಂತತಿಗೂ ಆ ಶಕ್ತಿ ಇರುತ್ತೆ. ಇದು ವೈರಸ್ ತಾಗಿದ ಮೇಲೆ ಬಂದ ಶಕ್ತಿಯಾ (ಲಾಮಾರ್ಕ್), ಅಥವಾ ಕೆಲವಕ್ಕೆ ಮೊದಲೇ ಆಕಸ್ಮಿಕವಾಗಿ ಇತ್ತಾ (ಡಾರ್ವಿನ್)?

ಫ್ಯಾಸಿಸ್ಟರ ಇಟಲಿಯಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ್ದ ಯಹೂದಿ ವಿಜ್ಞಾನಿ ಸಾಲ್ವಡೋರ್ ಲೂರಿಯಾಗೆ ಇದೇ ಚಿಂತೆ. ಇಂಡಿಯಾನಾದಲ್ಲಿ ಒಂದು ಪಾರ್ಟಿ. ಸಹೋದ್ಯೋಗಿಯೊಬ್ಬ ಜೂಜಿನ ಯಂತ್ರಕ್ಕೆ ಕಾಸು ಹಾಕ್ತಾ ಇದ್ದ. ಬಹಳ ಸಲ ಸೊನ್ನೆ, ಒಂದು ಸಲ ಬೊಗಸೆ ತುಂಬ ನಾಣ್ಯ. ಲೂರಿಯಾಗೆ ಅಲ್ಲೇ ದಾರಿ ಹೊಳೀತು.

ವೈರಸ್ ತಾಗಿದ ಮೇಲೆ ಶಕ್ತಿ ಬರೋದಾದ್ರೆ, ಬೇರೆ ಬೇರೆ ಟ್ಯೂಬ್‌ಗಳಲ್ಲಿ ಬದುಕಿದವುಗಳ ಸಂಖ್ಯೆ ಸರಾಸರಿ ಸುತ್ತಮುತ್ತ ಇರಬೇಕು. ಮೊದಲೇ ಇದ್ದಿದ್ದಾದ್ರೆ ಜೂಜಿನ ಹಾಗೆ ಇರಬೇಕು. ಒಂದು ಟ್ಯೂಬಲ್ಲಿ ಬದಲಾವಣೆ ಬೇಗ ಆಗಿದ್ರೆ ಅದರ ಮಕ್ಕಳು ಮೊಮ್ಮಕ್ಕಳೆಲ್ಲ ಸೇರಿ ದೊಡ್ಡ ಸಂಖ್ಯೆ, ಉಳಿದ ಕಡೆ ಸೊನ್ನೆ.

20 ಟ್ಯೂಬ್‌ಗಳ ಒಂದು ಪ್ರಯೋಗದ ಫಲಿತಾಂಶ ಇಲ್ಲಿದೆ:
1, 0, 3, 0, 0, 5, 0, 5, 0, 6, 107, 0, 0, 0, 1, 0, 0, 64, 0, 35.

ಕ್ಯಾಲ್ಕುಲೇಟರ್ ತಗೊಳ್ಳಿ. ಮೊತ್ತ 227, ಸರಾಸರಿ 11.35. ಪಾಯಿಸಾನ್ ವಿತರಣೆ ನೆನಪಿದೆಯಾ? ಅಲ್ಲಿ ಮೀನ್ ಎಷ್ಟೋ ವೇರಿಯನ್ಸ್ ಅಷ್ಟೇ. ಲಾಮಾರ್ಕ್ ಸರಿ ಇದ್ದಿದ್ರೆ ವೇರಿಯನ್ಸ್ 11ರ ಆಸುಪಾಸು ಬರಬೇಕಿತ್ತು. ಬಂದದ್ದು 700ರ ಆಸುಪಾಸು!

ಇದರ ಗಣಿತ ಬರೆದದ್ದು ಜರ್ಮನಿಯಿಂದ ಬಂದಿದ್ದ ಮ್ಯಾಕ್ಸ್ ಡೆಲ್ಬ್ರೂಕ್. ಲೇಖನ 1943ರಲ್ಲಿ ಬಂತು, 1969ರಲ್ಲಿ ಇಬ್ಬರಿಗೂ ನೊಬೆಲ್ ಬಂತು (ಜೊತೆಗೆ ಹರ್ಷಿಗೂ). ಒಂದು ವೇರಿಯನ್ಸ್ ಲೆಕ್ಕ ಲಾಮಾರ್ಕನ ಕೇಸನ್ನ ಮುಚ್ಚಿತು ಅಂತ ಎಲ್ಲರೂ ಅಂದುಕೊಂಡರು.

ಭಾಗ 4/8: ಅದೇ 1943, ಒಂದು ಜೈಲು

ಅಮೆರಿಕದಲ್ಲಿ ಲೂರಿಯಾ ಟ್ಯೂಬ್ ಎಣಿಸ್ತಿದ್ದ ಅದೇ ಚಳಿಗಾಲ, 1943ರ ಜನವರಿಯಲ್ಲಿ, ಸೋವಿಯತ್ ರಷ್ಯಾದ ಸರಾಟೋವ್ ಜೈಲಿನಲ್ಲಿ ಒಬ್ಬ ಮನುಷ್ಯ ಸತ್ತ. ಹೆಸರು ನಿಕೊಲಾಯ್ ವಾವಿಲೋವ್. ಬರಗಾಲ ಬರದಿರಲಿ ಅಂತ ಪ್ರಪಂಚ ಸುತ್ತಿ ಬೀಜ ಕೂಡಿಸಿದ್ದ ಸಸ್ಯ ವಿಜ್ಞಾನಿ. ಸತ್ತದ್ದು ಸರಿಯಾದ ಊಟ ಇಲ್ಲದೆ.

ಅವನ ತಪ್ಪೇನು? ತಳಿಶಾಸ್ತ್ರ ನಿಜ ಅಂದದ್ದು.

ಎದುರಿಗಿದ್ದವನು ಟ್ರೋಫಿಮ್ ಲೈಸೆಂಕೊ. ಗೋಧಿ ಬೀಜವನ್ನ ನೆನೆಸಿ ತಣ್ಣಗಿಟ್ಟರೆ ಬೇಗ ತೆನೆ ಬಿಡುತ್ತೆ, ಇದು ನಿಜ. ಆದ್ರೆ ಹಾಗೆ ಪಳಗಿಸಿದ ಗುಣ ಮುಂದಿನ ಬೆಳೆಗೂ ತಾನಾಗೇ ಬರುತ್ತೆ ಅಂತ ಲೈಸೆಂಕೊ ಹೇಳ್ತಿದ್ದ. ಸ್ಟಾಲಿನ್‌ಗೆ ಈ ಮಾತು ಇಷ್ಟ ಆಯ್ತು. ವ್ಯವಸ್ಥೆ ಬದಲಾಯಿಸಿದರೆ ಮನುಷ್ಯನನ್ನೇ ಬದಲಾಯಿಸಬಹುದು ಅನ್ನೋ ಅವರ ರಾಜಕೀಯಕ್ಕೂ ಇದು ಹೊಂದಿಕೆ ಆಗ್ತಿತ್ತು. 1940ರ ಆಗಸ್ಟ್‌ನಲ್ಲಿ ವಾವಿಲೋವ್ ಬಂಧನ. ಮೊದಲು ಮರಣದಂಡನೆ, ಆಮೇಲೆ ಅದನ್ನ 20 ವರ್ಷ ಸಜೆಗೆ ಇಳಿಸಿದರು. ಅಷ್ಟು ದಿನ ಅವನು ಬದುಕಲಿಲ್ಲ.

ಲೆನಿನ್‌ಗ್ರಾಡ್‌ನಲ್ಲಿ ಅವನ ಬೀಜ ಭಂಡಾರ ಇತ್ತು. ಜರ್ಮನ್ ಸೈನ್ಯ ಊರಿಗೆ ಮುತ್ತಿಗೆ ಹಾಕಿದಾಗ ಅಲ್ಲಿನ ಕೆಲಸಗಾರರಲ್ಲಿ ಹಲವರು ಹಸಿವಿನಿಂದ ಸತ್ತರು. ಪಕ್ಕದಲ್ಲೇ ಅಕ್ಕಿ, ಗೋಧಿ, ಬಟಾಣಿ ಇತ್ತು. ಮುಟ್ಟಲಿಲ್ಲ. ಅದು ಬಿತ್ತನೆ ಬೀಜ.

1948ರ ಆಗಸ್ಟ್‌ನಲ್ಲಿ ಸೋವಿಯತ್ ಕೃಷಿ ಅಕಾಡೆಮಿ ಸಭೆಯಲ್ಲಿ ತಳಿಶಾಸ್ತ್ರವನ್ನ ಅಧಿಕೃತವಾಗಿಯೇ ಹೊರಹಾಕಿದರು. ಕ್ರುಶ್ಚೇವ್ ಅಧಿಕಾರ ಹೋದ ಮೇಲೆ, 1965ರಲ್ಲಿ ಲೈಸೆಂಕೊ ಬಿದ್ದ. ಅಷ್ಟರಲ್ಲಿ ಒಂದು ತಲೆಮಾರಿನ ವಿಜ್ಞಾನ ಮಣ್ಣಾಗಿತ್ತು.

ಇದನ್ನ ಯಾಕೆ ಹೇಳಿದೆ ಅಂದ್ರೆ, ಇದಾದ ಮೇಲೆ "ಗಳಿಸಿದ ಗುಣ ಸಂತತಿಗೆ ಬರುತ್ತೆ" ಅನ್ನೋ ಮಾತೇ ಕೆಟ್ಟ ವಾಸನೆ ಹೊಡೀತಿತ್ತು. ಯಾವ ಮರ್ಯಾದಸ್ತ ವಿಜ್ಞಾನಿಯೂ ಅದನ್ನ ಬಾಯಿಬಿಟ್ಟು ಹೇಳೋಕೆ ಹಿಂಜರೀತಿದ್ದ. ಮುಂದಿನ ಕಥೆ ಶುರು ಆಗೋದು ಇಂಥ ಹೊತ್ತಲ್ಲಿ.

ಭಾಗ 5/8: ಯಾರಿಗೂ ಅರ್ಥ ಆಗದ ಬರಹ

1987, ಜಪಾನಿನ ಒಸಾಕಾ. ಯೋಶಿಝುಮಿ ಇಶಿನೊ ಮತ್ತು ಗೆಳೆಯರು ಇ. ಕೋಲಿ ಬ್ಯಾಕ್ಟೀರಿಯಾದ ಒಂದು ಜೀನ್ ಓದ್ತಿದ್ದರು. ಜೀನ್ ಮುಗಿದ ಮೇಲೆ ಪಕ್ಕದಲ್ಲಿ ವಿಚಿತ್ರ ಬರಹ ಕಂಡಿತು. 29 ಅಕ್ಷರದ ಒಂದು ತುಣುಕು, ಆಮೇಲೆ 32 ಅಕ್ಷರದ ಏನೋ ಒಂದು, ಮತ್ತೆ ಅದೇ 29, ಮತ್ತೆ ಬೇರೆ 32. ಐದು ಸಲ ಹೀಗೆ.

(ಡಿಎನ್‌ಎ ಅಂದ್ರೆ ನಾಲ್ಕೇ ಅಕ್ಷರದಲ್ಲಿ ಬರೆದ ಉದ್ದ ಸಾಲು ಅಂದುಕೊಳ್ಳಿ, ಸಾಕು.)

ನಮ್ಮ ಲೆಡ್ಜರ್ ಹಾಗೆ ಅಂತ ಅಂದುಕೊಳ್ಳಿ. ಗೆರೆ, ಎಂಟ್ರಿ, ಗೆರೆ, ಎಂಟ್ರಿ. ಗೆರೆಗಳೆಲ್ಲ ಒಂದೇ ಥರ, ಎಂಟ್ರಿ ಮಾತ್ರ ಬೇರೆ ಬೇರೆ. ಇದರ ಅರ್ಥ ಏನು ಅಂತ ಗೊತ್ತಿಲ್ಲ ಅಂತಲೇ ಇಶಿನೊ ತಂಡ ಲೇಖನ ಮುಗಿಸಿತು. ತಿಳೀದೇ ಇದ್ದದ್ದನ್ನ ತಿಳೀದು ಅಂತ ಬರೆದಿಟ್ಟದ್ದು ಎಷ್ಟು ದೊಡ್ಡ ಉಪಕಾರ ಅನ್ನೋದು ಆಮೇಲೆ ಗೊತ್ತಾಯ್ತು.

ಈಗ ಸ್ಪೇನ್‌ಗೆ ಬನ್ನಿ. ಸಮುದ್ರದ ದಂಡೆಯ ಸಾಂಟಾ ಪೋಲಾ ಊರಲ್ಲಿ ಉಪ್ಪಿನ ಗದ್ದೆಗಳು. ಅಷ್ಟು ಉಪ್ಪಲ್ಲೂ ಬದುಕೋ ಆರ್ಕಿಯಾ ಅನ್ನೋ ಸೂಕ್ಷ್ಮಜೀವಿಗಳಿವೆ, ಬ್ಯಾಕ್ಟೀರಿಯಾ ಥರ ಕಂಡರೂ ಬಹಳ ದೂರದ ನೆಂಟರು. ಆಲಿಕಾಂಟೆ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡ್ತಿದ್ದ ಫ್ರಾನ್ಸಿಸ್ಕೊ ಮೊಹೀಕಾಗೆ ಅದರಲ್ಲೂ ಅದೇ ಗೆರೆ-ಎಂಟ್ರಿ ಬರಹ ಕಂಡಿತು. ಇಲ್ಲಿ ಗೆರೆ 30 ಅಕ್ಷರ, ಎಂಟ್ರಿ ಸುಮಾರು 36.

ಅವನಿಗೆ ಅನ್ನಿಸಿದ್ದು ಸರಳ ಮಾತು. ಇಷ್ಟು ದೂರದ ಎರಡು ಜೀವಿಗಳಲ್ಲಿ ಒಂದೇ ಪದ್ಧತಿ ಇದೆ ಅಂದ್ರೆ ಇದು ಕಸ ಆಗಿರೋಕೆ ಸಾಧ್ಯ ಇಲ್ಲ. ನಮ್ಮೂರಲ್ಲೂ, ಸಮುದ್ರದಾಚೆ ಯಾವುದೋ ಊರಲ್ಲೂ ಅಂಗಡಿಯವರು ಒಂದೇ ಥರ ಪುಸ್ತಕ ಇಟ್ಟಿದ್ದಾರೆ ಅಂದ್ರೆ ಅದಕ್ಕೊಂದು ಕೆಲಸ ಇರಲೇಬೇಕು.

ದೊಡ್ಡ ದುಡ್ಡಿಲ್ಲ, ದೊಡ್ಡ ಲ್ಯಾಬಿಲ್ಲ. ಹತ್ತು ವರ್ಷ ಅದರ ಹಿಂದೆ ಬಿದ್ದ. 2002ರಲ್ಲಿ ಅದಕ್ಕೆ ಈಗಿನ ಹೆಸರು ಬಂತು: ಕ್ರಿಸ್ಪರ್. ಅದನ್ನ ಸೂಚಿಸಿದವನೂ ಅವನೇ.

ಭಾಗ 6/8: ಬೇಸಿಗೆ ರಜೆ, ಒಂದು ಹೆಸರು ಸಿಕ್ಕಿತು

2003ರ ಆಗಸ್ಟ್. ಸ್ಪೇನ್‌ನಲ್ಲಿ ಕೆಟ್ಟ ಬಿಸಿಲು, ರಜೆ ಕಾಲ. ಮೊಹೀಕಾ ಕಂಪ್ಯೂಟರ್ ಮುಂದೆ ಕೂತು ಎಂಟ್ರಿಗಳನ್ನ ಒಂದೊಂದಾಗಿ ಜಗತ್ತಿನ ಡಿಎನ್‌ಎ ದಾಖಲೆಗಳ ಜೊತೆ ತಾಳೆ ನೋಡ್ತಿದ್ದ. ಆಡಿಟ್ ಮಾಡೋರು ಬಿಲ್ ಹಿಡಿದು ಲೆಡ್ಜರ್ ಟಿಕ್ ಹಾಕ್ತಾರಲ್ಲ, ಥೇಟ್ ಹಾಗೇ. ಎಷ್ಟೋ ಎಂಟ್ರಿಗೆ ಏನೂ ಸಿಗಲಿಲ್ಲ.

ಒಂದಕ್ಕೆ ಸಿಕ್ಕಿತು. ಇ. ಕೋಲಿಯ ಒಂದು ಎಂಟ್ರಿ ಪಿ1 ಅನ್ನೋ ಫೇಜ್ ವೈರಸ್‌ನ ತುಣುಕಿಗೆ ಹೊಂದಿತು. ಅದಕ್ಕಿಂತ ಮುಖ್ಯ ಏನಂದ್ರೆ, ಆ ಎಂಟ್ರಿ ಇಟ್ಟುಕೊಂಡಿದ್ದ ಇ. ಕೋಲಿ ತಳಿಗೆ ಪಿ1 ವೈರಸ್ ತಾಗಲ್ಲ ಅಂತ ಮೊದಲೇ ಗೊತ್ತಿತ್ತು!

ಅಂದ್ರೆ ಇದು ಮೋಸಗಾರರ ಪಟ್ಟಿ. ಹಿಂದೆ ನುಗ್ಗಿದ ವೈರಸ್‌ನ ಒಂದು ತುಂಡನ್ನ ಕತ್ತರಿಸಿ ತನ್ನ ಡಿಎನ್‌ಎಯಲ್ಲೇ ಅಂಟಿಸಿಕೊಂಡಿದೆ, ಮತ್ತೆ ಬಂದರೆ ಗುರುತು ಹಿಡಿಯೋಕೆ.

ಒಟ್ಟು 4500 ಎಂಟ್ರಿ ತಾಳೆ ನೋಡಿದ. 88ಕ್ಕೆ ಹೊಂದಿಕೆ ಸಿಕ್ಕಿತು. ಅದರಲ್ಲಿ ಸುಮಾರು ಮೂರನೇ ಎರಡು ಭಾಗ ವೈರಸ್‌ಗಳು ಅಥವಾ ಬ್ಯಾಕ್ಟೀರಿಯಾದಿಂದ ಬ್ಯಾಕ್ಟೀರಿಯಾಕ್ಕೆ ಹಾರೋ ಡಿಎನ್‌ಎ ತುಣುಕುಗಳು. ಆ ಸಂಜೆ ಗೆಳೆಯರ ಜೊತೆ ಕುಡಿದು ಸಂಭ್ರಮ ಮಾಡಿದ.

ಆಮೇಲೆ ಲೇಖನ ಕಳಿಸಿದ. 'ನೇಚರ್' ಪತ್ರಿಕೆ ಪರಿಶೀಲನೆಗೂ ಕಳಿಸದೆ ವಾಪಸ್ ಮಾಡಿತು. ಎರಡನೇ ಪತ್ರಿಕೆ, ಮೂರನೇದು, ನಾಲ್ಕನೇದು, ಎಲ್ಲ ಕಡೆ ಬೇಡ. ಕೊನೆಗೆ 2005ರ ಫೆಬ್ರವರಿಯಲ್ಲಿ ಒಂದು ಸಣ್ಣ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಒಂದೂವರೆ ವರ್ಷ ಆತ ಹೇಗೆ ಕಳೆದಿರಬಹುದು ಯೋಚಿಸಿ. ಕೈಯಲ್ಲಿ ಇಷ್ಟು ದೊಡ್ಡ ಗುಟ್ಟು, ಯಾವ ಕ್ಷಣದಲ್ಲಾದರೂ ಬೇರೆಯವರು ಹೇಳಿಬಿಡಬಹುದು.

ಹೇಳಿಯೂಬಿಟ್ಟರು. ಅದೇ 2005ರಲ್ಲಿ ಫ್ರಾನ್ಸಿನ ಎರಡು ತಂಡಗಳು ಪ್ರತ್ಯೇಕವಾಗಿ ಇದೇ ತೀರ್ಮಾನಕ್ಕೆ ಬಂದವು. ಒಂದು ತಂಡ ನೋಡಿದ್ದು ವಿಯೆಟ್ನಾಂನಲ್ಲಿ ಸಿಕ್ಕಿದ್ದ ಪ್ಲೇಗ್ ಬ್ಯಾಕ್ಟೀರಿಯಾ. ಅವರಿಗೂ ಪತ್ರಿಕೆಗಳಿಂದ ಬೇಡ ಅನ್ನಿಸಿಕೊಂಡು ಅಭ್ಯಾಸ ಆಗಿತ್ತು.

ಎಲ್ಲರೂ ಬೇಡ ಅಂದದ್ದೆಲ್ಲ ನಿಜ ಅಂತ ನಾನು ಹೇಳ್ತಿಲ್ಲ. ಲೈಸೆಂಕೊ ವಿಷಯದಲ್ಲಿ ಬೇಡ ಅಂದವರೇ ಸರಿ. ವ್ಯತ್ಯಾಸ ಏನು? ಮೊಹೀಕಾ ಹತ್ತಿರ ಯಾರು ಬೇಕಾದರೂ ತಾಳೆ ನೋಡಬಹುದಾದ ಲೆಕ್ಕ ಇತ್ತು.

ಭಾಗ 7/8: ಮೊಸರಿನವರು ಕೊಟ್ಟ ಸಾಕ್ಷಿ

ತಾಳೆ ಆಯ್ತು, ಸಾಕ್ಷಿ ಬೇಕಲ್ಲ? ಅದು ಬಂದದ್ದು ಮೊಸರು, ಚೀಸ್ ಮಾಡೋರಿಂದ.

ಮನೆಯಲ್ಲಿ ಅಮ್ಮ ಹೆಪ್ಪು ಹಾಕ್ತಾರೆ, ಬೆಳಗ್ಗೆ ಗಟ್ಟಿ ಮೊಸರು. ಕಾರ್ಖಾನೆಯಲ್ಲಿ ಇದೇ ಕೆಲಸ ಸಾವಿರಾರು ಲೀಟರ್ ಹಾಲಲ್ಲಿ ನಡೆಯುತ್ತೆ. ಹೆಪ್ಪಿನ ಬ್ಯಾಕ್ಟೀರಿಯಾಕ್ಕೆ ಫೇಜ್ ಬಡಿದರೆ ಆ ಹಾಲೆಲ್ಲ ಹೆಪ್ಪಾಗದೆ ದಂಡ. ಹಾಗಾಗಿ ಫೇಜ್‌ಗೆ ಬಗ್ಗದ ಹೆಪ್ಪು ಅಂದ್ರೆ ಕಂಪನಿಗೆ ನೇರ ದುಡ್ಡು.

ಡ್ಯಾನಿಸ್ಕೊ ಅನ್ನೋ ಡೆನ್ಮಾರ್ಕಿನ ಕಂಪನಿಯ ವಿಜ್ಞಾನಿಗಳಾದ ರೊಡಾಲ್ಫ್ ಬರಾಂಗು, ಫಿಲಿಪ್ ಹೊರ್ವಾತ್ ಮತ್ತು ಜೊತೆಗಾರರು ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್ ಅನ್ನೋ ಮೊಸರಿನ ಬ್ಯಾಕ್ಟೀರಿಯಾ ತಗೊಂಡರು. ಎರಡು ಫೇಜ್‌ಗಳನ್ನ ಬಿಟ್ಟರು. ಬದುಕಿದವುಗಳ ಡಿಎನ್‌ಎ ಓದಿದರು. ಪಟ್ಟಿಯಲ್ಲಿ ಹೊಸ ಎಂಟ್ರಿ! ಅದು ಆಗಷ್ಟೇ ಬಂದಿದ್ದ ಫೇಜ್‌ನದೇ ತುಂಡು.

ಆ ಎಂಟ್ರಿ ಅಳಿಸಿದರು, ರಕ್ಷಣೆ ಹೋಯ್ತು. ಬೇರೆ ಬ್ಯಾಕ್ಟೀರಿಯಾಕ್ಕೆ ಅದೇ ಎಂಟ್ರಿ ಸೇರಿಸಿದರು, ರಕ್ಷಣೆ ಬಂತು. 2007ರ ಮಾರ್ಚ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದು ಪ್ರಕಟ ಆಯ್ತು. ವಾದ ಮುಗೀತು.

ಕೆಲಸ ನಡೆಯೋ ರೀತಿ ಹೀಗೆ:
• ವೈರಸ್ ತನ್ನ ಡಿಎನ್‌ಎ ಒಳಗೆ ನುಗ್ಗಿಸುತ್ತೆ.
• ಕ್ಯಾಸ್1, ಕ್ಯಾಸ್2 ಅನ್ನೋ ಪ್ರೋಟೀನ್‌ಗಳು ಅದರ ತುಂಡೊಂದನ್ನ ಪಟ್ಟಿಗೆ ಸೇರಿಸ್ತವೆ. ಸಾಮಾನ್ಯವಾಗಿ ಒಂದೇ ತುದಿಯಲ್ಲಿ, ಹಾಗಾಗಿ ಹೊಸದು ಮುಂದೆ, ಹಳೇದು ಹಿಂದೆ. ತಾರೀಖು ಬರೀದೇ ಇದ್ದರೂ ಕ್ರಮ ಗೊತ್ತಾಗುತ್ತೆ.
• ಎಂಟ್ರಿಗಳ ನಕಲು ಆರ್‌ಎನ್‌ಎ ರೂಪದಲ್ಲಿ ತಯಾರಾಗುತ್ತೆ. ಆ ನಕಲು ಹಿಡಿದು ಕ್ಯಾಸ್9 ಥರದ ಪ್ರೋಟೀನ್ ಕೋಶದೊಳಗೆ ಬೀಟ್ ಹೊಡೆಯುತ್ತೆ.
• ಹೊಂದೋ ಡಿಎನ್‌ಎ ಸಿಕ್ಕರೆ ಕತ್ತರಿಸುತ್ತೆ.

ಬ್ಯಾಕ್ಟೀರಿಯಾ ಒಂದು ಎರಡಾಗುವಾಗ ಇಡೀ ಡಿಎನ್‌ಎ ನಕಲಾಗುತ್ತಲ್ಲ, ಪಟ್ಟಿಯೂ ನಕಲಾಗುತ್ತೆ. ಮಗಳು ಕೋಶ ಆ ವೈರಸ್‌ನ ಮುಖ ಯಾವತ್ತೂ ನೋಡಿಲ್ಲ, ಆದ್ರೂ ಗುರುತು ಹಿಡಿಯುತ್ತೆ. ತಾತನ ಸಾಲದ ಪುಸ್ತಕ ಹಿಡಿದ ನಮ್ಮಪ್ಪನ ಹಾಗೆ.

ವೈರಸ್ ಏನು ಸುಮ್ಮನೆ ಕೂರಲ್ಲ. ಆ ತುಂಡಿನಲ್ಲಿ ಒಂದು ಅಕ್ಷರ ಬದಲಾದರೂ ಕೆಲವು ಸಲ ತಪ್ಪಿಸಿಕೊಳ್ಳುತ್ತೆ. ಹೆಸರು ಬದಲಾಯಿಸಿಕೊಂಡು ಮತ್ತೆ ಸಾಲ ಕೇಳೋಕೆ ಬರೋರ ಥರ.

ಭಾಗ 8/8: ಹಾಗಾದ್ರೆ ಲಾಮಾರ್ಕ್ ಗೆದ್ದನಾ?

ಬದುಕಿದ್ದಾಗ ಎದುರಾದ ಶತ್ರು, ಅದಕ್ಕೆ ಸರಿಯಾಗಿ ಹೊಂದೋ ಬದಲಾವಣೆ, ಅದು ಸಂತತಿಗೂ ಬಂತು. ಇದು ಲಾಮಾರ್ಕ್ ಹೇಳಿದ್ದೇ ಅಂತ ಯುಜೀನ್ ಕೂನಿನ್ ಮತ್ತು ಯೂರಿ ವುಲ್ಫ್ 2009ರಲ್ಲಿ ಬರೆದರು. ಒಪ್ಪದವರೂ ಇದ್ದಾರೆ. ಎಂಟ್ರಿ ಬರೆದುಕೊಳ್ಳೋಕೆ ಆಗೋದು ಕೆಲವೇ ಕೋಶಗಳಿಗೆ, ಉಳಿದವು ಸಾಯ್ತವೆ. ಬದುಕಿದವು ಹೆಚ್ಚಾಗ್ತವೆ, ಇದು ಡಾರ್ವಿನ್ ಅಲ್ವಾ? ಪುಸ್ತಕ ಇಡೋ ಈ ವ್ಯವಸ್ಥೆಯೇ ಡಾರ್ವಿನ್ ದಾರಿಯಲ್ಲಿ ಹುಟ್ಟಿದ್ದು ಅಂತಾರೆ. ನನಗೆ ಅನ್ನಿಸೋದು, ಎಂಟ್ರಿ ಬರೆಯೋದರಲ್ಲಿ ಲಾಮಾರ್ಕ್ ಇದ್ದಾನೆ, ಪುಸ್ತಕವನ್ನ ಉಳಿಸಿಕೊಂಡು ಬಂದದ್ದರಲ್ಲಿ ಡಾರ್ವಿನ್ ಇದ್ದಾನೆ. ಲೂರಿಯಾ ಲೆಕ್ಕವೂ ತಪ್ಪಲ್ಲ. ಅವನ ಬ್ಯಾಕ್ಟೀರಿಯಾ ಬದುಕಿದ್ದು ಬೇರೆ ದಾರಿಯಲ್ಲಿ, ಆಕಸ್ಮಿಕ ಬದಲಾವಣೆಯಿಂದ.

ನಮಗೆ ಯಾಕೆ ಹೀಗಾಗಲ್ಲ? ಗೋಡೆ! ಬ್ಯಾಕ್ಟೀರಿಯಾದ್ದು ಒಂದೇ ಕೋಶ, ಅದೇ ದೇಹ, ಅದೇ ಸಂತಾನ. ನಮ್ಮ ದೇಹವೂ ಕಾಯಿಲೆಗಳನ್ನ ನೆನಪಿಟ್ಟುಕೊಳ್ಳುತ್ತೆ, ಆದ್ರೆ ಆ ನೆನಪು ನಮ್ಮ ಡಿಎನ್‌ಎ ಮೂಲಕ ಮಕ್ಕಳಿಗೆ ಹೋಗಲ್ಲ. ಅದಕ್ಕೇ ಪ್ರತಿ ಮಗುವಿಗೂ ಹೊಸದಾಗಿ ಲಸಿಕೆ.

2012ರಲ್ಲಿ ಎಮ್ಯಾನುಯೆಲ್ ಶಾರ್ಪಾಂಟಿಯೆ ಮತ್ತು ಜೆನಿಫರ್ ಡೌಡ್ನಾ ಈ ಕತ್ತರಿಗೆ ನಾವೇ ವಿಳಾಸ ಬರೆದುಕೊಡಬಹುದು ಅಂತ ತೋರಿಸಿದರು. 2020ರ ನೊಬೆಲ್ ಅವರಿಗೆ. ಮೊಹೀಕಾಗೆ ಬರಲಿಲ್ಲ. 2023ರಲ್ಲಿ ಬ್ರಿಟನ್, ಅಮೆರಿಕ ಎರಡೂ ಕುಡುಗೋಲು ಕಣ ರಕ್ತಹೀನತೆಗೆ ಕ್ರಿಸ್ಪರ್ ಚಿಕಿತ್ಸೆ ಒಪ್ಪಿದವು. ನಮ್ಮ ಚಾಮರಾಜನಗರ, ಮೈಸೂರು ಕಡೆಯ ಆದಿವಾಸಿ ಸಮುದಾಯಗಳಲ್ಲೂ ಇರೋ ಕಾಯಿಲೆ ಇದು. 2023ರಲ್ಲಿ ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್ ಇತ್ತು! ಆ ಚಿಕಿತ್ಸೆ ರೋಗಿಯ ರಕ್ತಕ್ಕೆ ಮಾತ್ರ, ಗೋಡೆ ದಾಟಲ್ಲ. ಆದ್ರೆ 2018ರಲ್ಲಿ ಚೀನಾದ ಹೆ ಜಿಯಾನ್‌ಕುಯಿ ಭ್ರೂಣಗಳನ್ನೇ ತಿದ್ದಿ ಅವಳಿ ಮಕ್ಕಳು ಹುಟ್ಟಿದ್ದಾರೆ ಅಂತ ಪ್ರಕಟಿಸಿದ, ಆಮೇಲೆ ಜೈಲಿಗೂ ಹೋದ. ಆ ತಿದ್ದುಪಡಿ ಅವರ ಮಕ್ಕಳಿಗೂ ಹೋಗಬಹುದು. ಯಾರದೋ ಪುಸ್ತಕದಲ್ಲಿ ಯಾರೋ ಎಂಟ್ರಿ ಬರೆದ ಹಾಗೆ, ಕೇಳದೇನೇ.

ಈಗ ನನ್ನ ಗೆಳೆಯನ ವಿಷಯ. ಜೀನ್‌ನಿಂದ ಏನೂ ಬರಲ್ಲ ಅಂತಲ್ಲ. ಆದ್ರೆ ಅವರಪ್ಪ ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟು ಗಾರೆ ಕೆಲಸಕ್ಕೆ ಹೋದವರು. ಸ್ಕೂಲು ಬಿಟ್ಟದ್ದು ಯಾರ ಡಿಎನ್‌ಎಯಲ್ಲೂ ಬರಲ್ಲ ಕಣೋ. ಗೋಡೆ ಇರೋದು ಎರಡೂ ಕಡೆಗೆ. ಕಲಿತದ್ದೂ ದಾಟಲ್ಲ, ಕಲಿಯೋಕೆ ಆಗದೇ ಹೋದದ್ದೂ ದಾಟಲ್ಲ. ನಮಗೆ ದಾಟಿ ಬರೋದು ಪುಸ್ತಕ ಮಾತ್ರ, ಅದನ್ನ ಯಾರಾದರೂ ಕೈಗೆ ಕೊಡಬೇಕು.

ಭಾನುವಾರ ಅವನನ್ನ ಅಂಗಡಿಗೆ ಕರೆಸಿದೆ. ಅಕ್ಕಿ ಮೂಟೆ ಮೇಲೆ ಕೂತು ಲೂರಿಯಾನ ಆ 20 ಸಂಖ್ಯೆ ಹಿಡಿದು ವೇರಿಯನ್ಸ್ ಮಾಡಿದ. ಮೊದಲ ಸಲ ತಪ್ಪು, ಎರಡನೇ ಸಲವೂ ತಪ್ಪು. ಮೂರನೇ ಸಲ ಸರಿ ಬಂತು. ಪರೀಕ್ಷೆ ಫೀಸ್ ಕಟ್ಟೋಕೆ ಶುಕ್ರವಾರ ಕೊನೇ ದಿನ, ಕಟ್ತೀನಿ ಅಂದಿದ್ದಾನೆ.

ಸರಣಿ ಇಲ್ಲಿಗೆ ಮುಗೀತು. "ನಮ್ಮ ರಕ್ತದಲ್ಲೇ ಇಲ್ಲ" ಅನ್ನೋ ಯಾರಾದರೂ ನಿಮ್ಮ ಕ್ಲಾಸಲ್ಲೂ ಇದ್ದರೆ ಅವರಿಗೆ ಕಳಿಸಿ. ತಪ್ಪು ಕಂಡರೆ ಕಾಮೆಂಟಲ್ಲಿ ಹೇಳಿ, ತಿದ್ಕೋತೀನಿ.

#ಕನ್ನಡದಲ್ಲಿವಿಜ್ಞಾನ #ವಿಜ್ಞಾನದಇತಿಹಾಸ #ಕ್ರಿಸ್ಪರ್ #ಬಿಕಾಂಹುಡುಗನವಿಜ್ಞಾನ